ಲೋನ್ ರೇಂಜರ್ ಮತ್ತು ವಿಲಿಯಂ ಟೆಲ್ ಓವರ್ಚರ್: ಪದೇ ಪದೇ ಕೇಳುವ ಪ್ರಶ್ನೆಗಳು

ಲೋನ್ ರೇಂಜರ್ ಯಾರು?

ಅಮೆರಿಕದ ರೇಡಿಯೊ ನಾಟಕವೊಂದಕ್ಕಾಗಿ ಹುಟ್ಟಿದ ಕಾಲ್ಪನಿಕ ನಾಯಕ. ಆರು ಮಂದಿ ಟೆಕ್ಸಾಸ್ ರೇಂಜರ್‌ಗಳು, ಅಂದರೆ ಆ ರಾಜ್ಯದ ಕಾವಲು ಪಡೆಯವರು, ಬುಚ್ ಕ್ಯಾವೆಂಡಿಶ್ ಎಂಬ ದರೋಡೆಕೋರನ ತಂಡವನ್ನು ಬೆನ್ನಟ್ಟಿ ಹೋಗಿ ಕಣಿವೆಯೊಂದರಲ್ಲಿ ಹೊಂಚುದಾಳಿಗೆ ಸಿಕ್ಕುತ್ತಾರೆ. ಐವರು ಸಾಯುತ್ತಾರೆ. ಅವರಲ್ಲಿ ಒಬ್ಬ ನಾಯಕನ ಸ್ವಂತ ಅಣ್ಣ. ಉಸಿರು ಉಳಿಸಿಕೊಂಡಿದ್ದ ಆರನೆಯವನನ್ನು ಟಾಂಟೊ ಎಂಬ ಮೂಲನಿವಾಸಿ ಕಂಡು, ಶುಶ್ರೂಷೆ ಮಾಡಿ ಬದುಕಿಸುತ್ತಾನೆ. ಆರನೆಯವನೂ ಸತ್ತನೆಂದು ಲೋಕ ನಂಬಲಿ ಎಂದು ಟಾಂಟೊ ಆರು ಗೋರಿಗಳನ್ನು ಕಟ್ಟುತ್ತಾನೆ. ಬದುಕಿದವನು ಅಣ್ಣನ ತೋಳಿಲ್ಲದ ಮೇಲಂಗಿಯ ಬಟ್ಟೆಯಿಂದ ಕಪ್ಪು ಮುಖವಾಡ ಮಾಡಿಕೊಳ್ಳುತ್ತಾನೆ. ಸಿಲ್ವರ್ ಎಂಬ ಬಿಳಿ ಕುದುರೆಯನ್ನೇರಿ, ಬೆಳ್ಳಿಯ ಗುಂಡುಗಳನ್ನು ಇಟ್ಟುಕೊಂಡು, ಊರೂರಿನಲ್ಲಿ ಅನ್ಯಾಯಕ್ಕೆ ಎದುರು ನಿಲ್ಲುತ್ತಾನೆ. ಕೆಲಸ ಮುಗಿದ ಮೇಲೆ ಕೃತಜ್ಞತೆಗೂ ಕಾಯದೆ ಹೊರಟುಬಿಡುತ್ತಾನೆ. "ಆ ಮುಖವಾಡದ ಮನುಷ್ಯ ಯಾರು?" ಎಂದು ಯಾರೋ ಕೇಳುವ ಹೊತ್ತಿಗೆ ಗೊರಸಿನ ಸದ್ದು ದೂರವಾಗಿರುತ್ತದೆ.

ಅವನಿಗೆ ಕಟ್ಟುನಿಟ್ಟಾದ ನಿಯಮಗಳಿದ್ದವು. ಕೊಲ್ಲಲೆಂದು ಗುಂಡು ಹಾರಿಸುವುದಿಲ್ಲ, ಕುಡಿಯುವುದಿಲ್ಲ, ಸೇದುವುದಿಲ್ಲ, ವ್ಯಾಕರಣ ತಪ್ಪಿ ಮಾತನಾಡುವುದಿಲ್ಲ. ಕಥೆಗಳನ್ನು ಬರೆದವರು ಬಫಲೊ ನಗರದ ಫ್ರಾನ್ ಸ್ಟ್ರೈಕರ್. ಬರೆಸಿದವರು ಡೆಟ್ರಾಯಿಟ್‌ನ ಡಬ್ಲ್ಯೂಎಕ್ಸ್‌ವೈಜೆಡ್ ರೇಡಿಯೊ ಕೇಂದ್ರದ ಒಡೆಯ ಜಾರ್ಜ್ ಟ್ರೆಂಡಲ್.

ಅವನು ಬರುವಾಗ ಕೇಳಿಸುವ ಸಂಗೀತ ಯಾವುದು?

ಇಟಲಿಯ ಜೊವಾಕಿನೊ ರೊಸ್ಸಿನಿ ರಚಿಸಿದ 'ವಿಲಿಯಂ ಟೆಲ್' ಒಪೆರಾದ ಓವರ್ಚರ್, ಅಂದರೆ ಪರದೆ ಏಳುವ ಮೊದಲು ವಾದ್ಯಮೇಳ ನುಡಿಸುವ ಪೀಠಿಕೆ. ರೇಡಿಯೊದಲ್ಲಿ ಬಳಕೆಯಾದದ್ದು ಅದರ ಕೊನೆಯ ಭಾಗ. ಟ್ರಂಪೆಟ್‌ಗಳ ಕರೆಯೊಂದಿಗೆ ಶುರುವಾಗಿ ಮೂರು ನಿಮಿಷಗಳಲ್ಲಿ ಮುಗಿಯುವ ಓಟ ಅದು.

ಈ ಒಪೆರಾ ಪ್ಯಾರಿಸ್‌ನಲ್ಲಿ ಮೊದಲು ಪ್ರದರ್ಶನಗೊಂಡದ್ದು 1829ರ ಆಗಸ್ಟ್ 3ರಂದು. ಆಗ ರೊಸ್ಸಿನಿಗೆ 37 ವರ್ಷ. ಅಲ್ಲಿಯವರೆಗೆ ವರ್ಷಕ್ಕೆ ಎರಡು ಮೂರು ಒಪೆರಾಗಳನ್ನು ಬರೆದು ಕೊಟ್ಟಿದ್ದ ಆ ಮನುಷ್ಯ ಇದಾದ ಮೇಲೆ ಇನ್ನೊಂದು ಒಪೆರಾ ಬರೆಯಲಿಲ್ಲ. 1868ರಲ್ಲಿ ತೀರಿಕೊಳ್ಳುವವರೆಗೆ, ಅಂದರೆ ಸುಮಾರು 40 ವರ್ಷ, ಹೊಸ ಒಪೆರಾದ ಗೊಡವೆಗೇ ಹೋಗಲಿಲ್ಲ.

ಪ್ಯಾರಿಸ್‌ನ ಒಪೆರಾ ಸಂಗೀತ ಟೆಕ್ಸಾಸ್‌ನ ಸವಾರನಿಗೆ ಹೇಗೆ ಅಂಟಿಕೊಂಡಿತು?

ದುಡ್ಡಿಲ್ಲದ ಕಾರಣ. ನಿಜವಾದ ಉತ್ತರ ಇಷ್ಟೇ, ಆದರೆ ಅದರ ಹಿನ್ನೆಲೆ ತಿಳಿಯಬೇಕು.

ಡಬ್ಲ್ಯೂಎಕ್ಸ್‌ವೈಜೆಡ್ 1932ರಲ್ಲಿ ಸಿಬಿಎಸ್ ಎಂಬ ರೇಡಿಯೊ ಜಾಲದಿಂದ ಹೊರಬಂದಿತ್ತು. ಜಾಲದ ಕಾರ್ಯಕ್ರಮಗಳು ಕೈತಪ್ಪಿದ ಮೇಲೆ ದಿನದ ಹೊತ್ತನ್ನು ತುಂಬುವ ಹೊಣೆ ಕೇಂದ್ರದ ಮೇಲೆಯೇ ಬಿತ್ತು. ಆರ್ಥಿಕ ಕುಸಿತದ ಕಡುಕಷ್ಟದ ಕಾಲ ಅದು. ಲೋನ್ ರೇಂಜರ್ ಪ್ರಸಾರ ಶುರುವಾದದ್ದು 1933ರ ಜನವರಿ ಕೊನೆಯಲ್ಲಿ. ಫೆಬ್ರವರಿ ಮಧ್ಯದಲ್ಲಿ ಮಿಶಿಗನ್ ರಾಜ್ಯದ ಬ್ಯಾಂಕುಗಳೆಲ್ಲ ಬಾಗಿಲು ಮುಚ್ಚಿದವು. ಅಂಥ ಹೊತ್ತಿನಲ್ಲಿ ಹೊಸ ಸಂಗೀತ ಬರೆಸಿ, ವಾದ್ಯಗಾರರನ್ನು ಕೂರಿಸಿ ನುಡಿಸುವ ಮಾತೇ ಇರಲಿಲ್ಲ. ಹಳೆಯ ಯುರೋಪಿಯನ್ ಸಂಗೀತದ ಮೇಲೆ ಯಾರ ಹಕ್ಕೂ ಉಳಿದಿರಲಿಲ್ಲ, ಅದಕ್ಕೆ ರಾಯಧನ ಕೊಡಬೇಕಿರಲಿಲ್ಲ. ಗ್ರಾಮಫೋನ್ ತಟ್ಟೆ ಹಾಕಿದರೆ ಸಾಕಿತ್ತು. ಕುದುರೆಯ ಸದ್ದಿಗೂ ಅದೇ ದಾರಿ: ಜಲ್ಲಿ ತುಂಬಿದ ಪೆಟ್ಟಿಗೆಯಲ್ಲಿ ರಬ್ಬರ್ ಪ್ಲಂಜರ್‌ಗಳನ್ನು ಬಡಿದು ಸಿಲ್ವರ್‌ನನ್ನು ಓಡಿಸುತ್ತಿದ್ದರು.

ಆದರೂ ಹಕ್ಕು ಮುಗಿದ ಸಂಗೀತ ಸಾವಿರಾರು ಇದ್ದವು. ಅವುಗಳಲ್ಲಿ ಇದನ್ನೇ ಆರಿಸಿದ ಕಿವಿಗೆ ನಾನು ಮನಸಾರೆ ಗೌರವ ಕೊಡುತ್ತೇನೆ. ಜೇಬು ಖಾಲಿಯಿದ್ದರೂ ಆ ಕಿವಿ ಬಲು ಚುರುಕಾಗಿತ್ತು.

ಆಗಿನ ಕೇಳುಗರ ಪ್ರತಿಕ್ರಿಯೆ ಹೇಗಿತ್ತು?

ಪ್ರಸಾರ ಶುರುವಾಗಿ ಕೆಲವೇ ತಿಂಗಳಲ್ಲಿ, ಮೊದಲು ಪತ್ರ ಬರೆದ 300 ಮಂದಿಗೆ ಆಟಿಕೆ ಬಂದೂಕು ಕೊಡುವುದಾಗಿ ಕೇಂದ್ರ ಹೇಳಿತು. ಬಂದ ಪತ್ರಗಳು ಸುಮಾರು 25 ಸಾವಿರ. 1934ರಲ್ಲಿ ಡೆಟ್ರಾಯಿಟ್, ಶಿಕಾಗೊ, ನ್ಯೂಯಾರ್ಕ್, ಸಿನ್ಸಿನಾಟಿ ವಲಯದ ನಾಲ್ಕು ಕೇಂದ್ರಗಳು ಸೇರಿ ಮ್ಯೂಚುವಲ್ ಎಂಬ ಹೊಸ ಜಾಲ ಕಟ್ಟಿದವು; ಆ ಜಾಲದ ದೊಡ್ಡ ಆಕರ್ಷಣೆ ಈ ಮುಖವಾಡದವನೇ. ವಾರಕ್ಕೆ ಮೂರು ಸಂಜೆ, 1954ರವರೆಗೆ, ಮೂರು ಸಾವಿರಕ್ಕೆ ಹತ್ತಿರದಷ್ಟು ಕಂತುಗಳು. ಪ್ರತಿ ಕಂತೂ ರೊಸ್ಸಿನಿಯಿಂದಲೇ ಶುರು.

1941ರ ಏಪ್ರಿಲ್‌ನಲ್ಲಿ ನಾಯಕನ ದನಿಯಾಗಿದ್ದ ಅರ್ಲ್ ಗ್ರೇಸರ್ ಕಾರು ಅಪಘಾತದಲ್ಲಿ ತೀರಿಕೊಂಡರು. ಕೇಳುಗರಿಗೆ ಹೊಸ ದನಿ ಒಮ್ಮೆಲೇ ಕೇಳಿಸಬಾರದೆಂದು ಕಥೆಯಲ್ಲಿ ನಾಯಕನನ್ನು ಗಾಯಗೊಳಿಸಿ, ಕೆಲವು ಕಂತುಗಳಲ್ಲಿ ಬರೀ ಪಿಸುಮಾತಾಡಿಸಿದರು. ಬಳಿಕ ಬ್ರೇಸ್ ಬೀಮರ್ ಅವರ ಗಂಭೀರ ದನಿ ಬಂತು. ನಾಯಕನ ದನಿ ಬದಲಾದರೂ ಟ್ರಂಪೆಟ್ ಕರೆ ಬದಲಾಗಲಿಲ್ಲ. ಜನ ಅವನನ್ನು ಗುರುತಿಸುತ್ತಿದ್ದದ್ದು ಅದರಿಂದಲೇ ಎಂದು ನನಗೆ ಅನ್ನಿಸುತ್ತದೆ.

ಮೂಲ ಒಪೆರಾದಲ್ಲಿ ಕುದುರೆ ಸವಾರರಿದ್ದಾರೆಯೇ?

ಇಲ್ಲ. ಇದು ಸ್ವಿಟ್ಜರ್ಲೆಂಡಿನ ದಂತಕಥೆ. ರೊಸ್ಸಿನಿಗೆ ಆಧಾರವಾದದ್ದು ಜರ್ಮನ್ ಕವಿ ಶಿಲ್ಲರ್ 1804ರಲ್ಲಿ ಬರೆದ ನಾಟಕ. ಆಸ್ಟ್ರಿಯಾದ ಕಡೆಯ ಅಧಿಕಾರಿ ಗೆಸ್ಲರ್ ತನ್ನ ಅಧಿಕಾರದ ಗುರುತುಗಳನ್ನು ಕಂಬಕ್ಕೆ ತೂಗುಹಾಕಿ, ದಾರಿಹೋಕರೆಲ್ಲ ಅದಕ್ಕೆ ತಲೆಬಾಗಬೇಕೆಂದು ಆಜ್ಞೆ ಮಾಡುತ್ತಾನೆ. ಬಿಲ್ಲುಗಾರ ಟೆಲ್ ಬಾಗುವುದಿಲ್ಲ. ಅದಕ್ಕೆ ಶಿಕ್ಷೆಯಾಗಿ ಮಗನ ತಲೆಯ ಮೇಲಿಟ್ಟ ಸೇಬಿಗೆ ಬಾಣ ಬಿಡಬೇಕಾಗುತ್ತದೆ. ಗುರಿ ತಪ್ಪುವುದಿಲ್ಲ. ಅವನ ಬಳಿ ಇನ್ನೊಂದು ಬಾಣವಿತ್ತು. ಮಗನಿಗೇನಾದರೂ ಆಗಿದ್ದರೆ ಅದು ಗೆಸ್ಲರ್‌ಗೆ ಎಂದು ಟೆಲ್ ಬಾಯಿಬಿಟ್ಟು ಹೇಳುತ್ತಾನೆ.

ಓವರ್ಚರ್‌ನ ಆ ಕೊನೆಯ ಓಟ ಸ್ವಿಸ್ ಸೈನಿಕರ ನಡೆ, ದಬ್ಬಾಳಿಕೆಯಿಂದ ಬಿಡುಗಡೆಯ ಸಂಭ್ರಮ. ಕುದುರೆ ಅಲ್ಲಿಲ್ಲದಿದ್ದರೂ ಕಥೆಗಳ ಒಳತಿರುಳು ಎಷ್ಟು ಹತ್ತಿರವಿದೆ ನೋಡಿ. ಕಾನೂನೇ ಕೆಟ್ಟವರ ಕೈ ಸೇರಿದಾಗ ಗುರಿ ತಪ್ಪದ ಒಬ್ಬ ಸಾಮಾನ್ಯ ಮನುಷ್ಯ ಎದ್ದು ನಿಲ್ಲುತ್ತಾನೆ. ಗೆದ್ದರೂ ಸಿಂಹಾಸನ ಬಯಸುವುದಿಲ್ಲ. ಡೆಟ್ರಾಯಿಟ್‌ನವರು ಕಥೆ ನೋಡಿ ಸಂಗೀತ ಆರಿಸಲಿಲ್ಲ. ಆದರೂ ರೊಸ್ಸಿನಿ ಟೆಲ್‌ನಿಗಾಗಿ ತುಂಬಿದ ಧೈರ್ಯ ಇಲ್ಲಿಯೂ ಸರಿಯಾದ ಮನುಷ್ಯನಿಗೇ ಸೇರಿತು.

ಹಾಗಾದರೆ ಅದು ಕುದುರೆ ಓಟದಂತೆ ಕೇಳಿಸುವುದೇಕೆ?

ಲಯದಿಂದ. ಎರಡು ಚಿಕ್ಕ ಪೆಟ್ಟು, ಒಂದು ದೊಡ್ಡ ಪೆಟ್ಟು. ನಮ್ಮ ಬಾಯಿಲೆಕ್ಕದಲ್ಲಿ ಹೇಳುವುದಾದರೆ "ತಕ ಧಿಂ, ತಕ ಧಿಂ, ತಕ ಧಿಂ ಧಿಂ ಧಿಂ." ಮೇಜಿನ ಮೇಲೆ ಬೆರಳಲ್ಲಿ ತಟ್ಟಿ ನೋಡಿ, ಗೊರಸು ತಾನಾಗಿ ಬರುತ್ತದೆ. ಗ್ಯಾಲಪ್ ಎಂಬ ವೇಗದ ಕುಣಿತ ಯುರೋಪಿನ ನೃತ್ಯಕೂಟಗಳಲ್ಲಿ ಹುಚ್ಚು ಹಿಡಿಸುತ್ತಿದ್ದ ಕಾಲದಲ್ಲೇ ರೊಸ್ಸಿನಿ ಇದನ್ನು ಬರೆದದ್ದು, ಆ ಕುಣಿತದ ಹೆಸರೇ ಕುದುರೆಯ ನಾಗಾಲೋಟವನ್ನು ನೆನಪಿಸುವಂಥದ್ದು.

ಇನ್ನೊಂದು ಕಾರಣ ರೊಸ್ಸಿನಿಯ ಕೈಚಳಕ. ಒಂದೇ ಸ್ವರಗುಚ್ಛವನ್ನು ಮೆಲ್ಲಗೆ ಶುರುಮಾಡಿ, ಪ್ರತಿ ಸುತ್ತಿಗೆ ಒಂದೊಂದು ವಾದ್ಯ ಸೇರಿಸುತ್ತಾ ಸದ್ದನ್ನು ಏರಿಸುವುದರಲ್ಲಿ ಅವರು ಎಷ್ಟು ಪಳಗಿದ್ದರೆಂದರೆ, ಆ ಏರಿಕೆಗೆ ಅವರ ಹೆಸರೇ ನಿಂತಿದೆ. ದೂರದಿಂದ ಯಾರೋ ಹತ್ತಿರ ಬರುತ್ತಿದ್ದಾರೆ ಎಂಬ ಭಾವ ಬರುವುದು ಅದರಿಂದ.

ಪೂರ್ತಿ ಓವರ್ಚರ್‌ನಲ್ಲಿ ಏನೇನಿದೆ?

ಒಟ್ಟು ಸುಮಾರು 12 ನಿಮಿಷ, ನಾಲ್ಕು ಭಾಗ. ಬಹಳ ಮಂದಿ ಕೊನೆಯ ಮೂರು ನಿಮಿಷಕ್ಕೆ ನೇರವಾಗಿ ಜಿಗಿಯುತ್ತಾರೆ. ಮೊದಲ ಒಂಬತ್ತು ನಿಮಿಷಗಳಿಗಾಗಿ ನಾನು ಯಾರ ಬಳಿಯಾದರೂ ವಾದಕ್ಕೆ ನಿಲ್ಲುತ್ತೇನೆ.

ಶುರುವಾಗುವುದು ಐದು ಚೆಲ್ಲೊಗಳಿಂದ, ಅಂದರೆ ಪಿಟೀಲಿನ ಜಾತಿಯ ದೊಡ್ಡ, ಕೆಳದನಿಯ ವಾದ್ಯಗಳಿಂದ. ಮೇಳದ ಬಹುಪಾಲು ಸುಮ್ಮನಿರುವಾಗ ಆ ಐದು ವಾದ್ಯಗಳು ಒಂದರ ಮೇಲೊಂದು ಹೆಣೆದುಕೊಂಡು ಪರ್ವತಗಳ ನಡುವಿನ ಬೆಳಗನ್ನು ಕಟ್ಟುತ್ತವೆ. ದೂರದಲ್ಲಿ ಟಿಂಪಾನಿ ಎಂಬ ನಗಾರಿಯ ಸಣ್ಣ ಗುಡುಗು. 1829ರಲ್ಲಿ ಒಪೆರಾ ನೋಡಲು ಬಂದವರು ಇಂಥ ಆರಂಭವನ್ನು ನಿರೀಕ್ಷಿಸಿರಲಾರರು. ಆಗಿನ ರೂಢಿ ದೊಡ್ಡ ಸದ್ದಿನಿಂದ ಸಭೆಯನ್ನು ಸುಮ್ಮನಾಗಿಸುವುದು. ರೊಸ್ಸಿನಿ ಐದು ತಂತಿವಾದ್ಯಗಳ ಪಿಸುಮಾತಿನಿಂದ ಆ ಕೆಲಸ ಮಾಡಿದರು.

ಎರಡನೆಯದು ಬಿರುಗಾಳಿ. ಮೊದಲು ಪಿಟೀಲುಗಳ ಚಡಪಡಿಕೆ, ನಡುನಡುವೆ ಮಳೆಹನಿಗಳಂತೆ ಬೀಳುವ ಕೊಳಲಿನ ಬಿಡಿ ಸ್ವರಗಳು. ಆಮೇಲೆ ಟ್ರೊಂಬೋನ್‌ಗಳೂ ಡೋಲೂ ಸೇರಿ ಇಡೀ ಮೇಳ ಬೋರ್ಗರೆಯುತ್ತದೆ, ಹಾಗೆಯೇ ಹನಿ ಹನಿಯಾಗಿ ಕರಗುತ್ತದೆ.

ಮೂರನೆಯ ಭಾಗ ದನಗಾಹಿಗಳ ಹಾಡು. ಸ್ವಿಸ್ ಮಲೆಗಳಲ್ಲಿ ದನಗಳನ್ನು ಕರೆಯಲು ಊದುತ್ತಿದ್ದ ಕೊಂಬಿನ ಧಾಟಿಯನ್ನು ಇಂಗ್ಲಿಷ್ ಹಾರ್ನ್ ನುಡಿಸುತ್ತದೆ. ಶಹನಾಯಿಯಂತೆ ಎಲೆ ಕಚ್ಚಿ ಊದುವ ವಾದ್ಯ ಅದು, ಸ್ವರ ಮಾತ್ರ ತುಸು ಕೆಳಗಿನದು, ಮೃದುವಾದದ್ದು. ಅದರ ಸುತ್ತ ಕೊಳಲು ಹಕ್ಕಿಯಂತೆ ಸುಳಿದಾಡುತ್ತದೆ. ನನ್ನ ಮಟ್ಟಿಗೆ ಇಡೀ ರಚನೆಯ ಎದೆ ಇರುವುದು ಇಲ್ಲಿ. ಕಾರ್ಟೂನ್ ನೋಡಿದವರಿಗೆ ಈ ಧಾಟಿಯೂ ಗೊತ್ತಿರುತ್ತದೆ: ಪರದೆಯ ಮೇಲೆ ಬೆಳಗಾದಾಗ, ಸೂರ್ಯ ಮೇಲೇರಿದಾಗ ಎಷ್ಟೋ ಬಾರಿ ಕೇಳಿಸುವುದು ಇದೇ.

ಈ ಶಾಂತಿಯ ಮೇಲೆ ಟ್ರಂಪೆಟ್ ಬಂದು ಎರಗುತ್ತದೆ. ಒಂಬತ್ತು ನಿಮಿಷ ಕಾದು ಕೇಳಿದ ಟ್ರಂಪೆಟ್ಟೂ ನೇರವಾಗಿ ಹಾಕಿಕೊಂಡ ಟ್ರಂಪೆಟ್ಟೂ ಬೇರೆ ಬೇರೆ. ಫ್ರಾನ್ಸಿನ ಸಂಗೀತ ರಚನಕಾರ ಬರ್ಲಿಯೋಜ್ ಈ ಓವರ್ಚರನ್ನು ನಾಲ್ಕು ಭಾಗದ ಸಿಂಫನಿ (ವಾದ್ಯಮೇಳಕ್ಕಾಗಿ ಬರೆದ ದೊಡ್ಡ ರಚನೆ) ಎಂದೇ ಕರೆದರು. ರೊಸ್ಸಿನಿಯನ್ನು ಸುಲಭವಾಗಿ ಹೊಗಳುವವರಲ್ಲ ಅವರು.

ಆ ಕಾರ್ಯಕ್ರಮದಲ್ಲಿ ರೊಸ್ಸಿನಿ ಒಬ್ಬರ ಸಂಗೀತವೇ ಇತ್ತೇ?

ಇಲ್ಲ. ದೃಶ್ಯದಿಂದ ದೃಶ್ಯಕ್ಕೆ ಸೇತುವೆಯಾಗಿ ಲಿಸ್ಟ್ ಅವರ 'ಲೆ ಪ್ರೆಲ್ಯೂಡ್ಸ್', ಮೆಂಡೆಲ್‌ಸನ್ ಅವರ ಸಮುದ್ರಗುಹೆಯ ಓವರ್ಚರ್ ಮುಂತಾದವುಗಳ ತುಣುಕುಗಳು ಬರುತ್ತಿದ್ದವು. ಒಪೆರಾ ಮಂದಿರದ ಮೆಟ್ಟಿಲು ಹತ್ತದ ಕಾರ್ಮಿಕರ ಮಕ್ಕಳು ವಾರಕ್ಕೆ ಮೂರು ಸಂಜೆ ಹತ್ತೊಂಬತ್ತನೆಯ ಶತಮಾನದ ಯುರೋಪನ್ನು ತಿಳಿಯದೆಯೇ ಕೇಳುತ್ತಿದ್ದರು.

ಅದೇ ಕೇಂದ್ರ 1936ರಲ್ಲಿ 'ಗ್ರೀನ್ ಹಾರ್ನೆಟ್' ಶುರುಮಾಡಿತು. ಅದರ ನಾಯಕ ಬ್ರಿಟ್ ರೀಡ್ ಲೋನ್ ರೇಂಜರ್‌ನ ಅಣ್ಣನ ಮೊಮ್ಮಗ, ಅಂದರೆ ಒಂದೇ ಮನೆತನ. ಅವನಿಗೆ ಸಿಕ್ಕಿದ್ದು ರಿಮ್‌ಸ್ಕಿ-ಕೊರ್ಸಕೊವ್ ಅವರ ದುಂಬಿಯ ಹಾರಾಟದ ಸಂಗೀತ. ಕೆನಡಾದ ಹಿಮದಲ್ಲಿ ನಡೆಯುವ ಇನ್ನೊಂದು ಸರಣಿಗೆ ರೆಜ್ನಿಚೆಕ್ ಅವರ 'ಡೊನ್ನಾ ಡಯಾನಾ' ಓವರ್ಚರ್. ಆ ಒಪೆರಾವನ್ನು ಇಂದು ಆಡುವವರು ವಿರಳ, ಓವರ್ಚರ್ ಮಾತ್ರ ಬದುಕಿದೆ.

ಲೋನ್ ರೇಂಜರ್‌ಗೆ ನಿಜಜೀವನದ ಮಾದರಿ ಇದ್ದನೇ?

ಬ್ಯಾಸ್ ರೀವ್ಸ್ ಎಂಬ ಹೆಸರು ಈಚೆಗೆ ಬಹಳ ಕೇಳಿಬರುತ್ತದೆ. ಗುಲಾಮಗಿರಿಯಲ್ಲಿ ಹುಟ್ಟಿ, ಬಿಡುಗಡೆ ಪಡೆದು, ಈಗಿನ ಒಕ್ಲಹೋಮಾ ಪ್ರದೇಶದಲ್ಲಿ ದಶಕಗಳ ಕಾಲ ಡೆಪ್ಯುಟಿ ಮಾರ್ಷಲ್ ಆಗಿ ಅಪರಾಧಿಗಳನ್ನು ಹಿಡಿದ ಕಪ್ಪು ಅಧಿಕಾರಿ ಅವರು, 1910ರಲ್ಲಿ ತೀರಿಕೊಂಡರು. ಅವರ ಬದುಕು ಯಾವ ಕಟ್ಟುಕಥೆಗೂ ಕಡಿಮೆಯಿಲ್ಲ. ಆದರೆ ಸ್ಟ್ರೈಕರ್ ಅವರನ್ನು ನೋಡಿ ಬರೆದರು ಎನ್ನಲು ಗಟ್ಟಿ ಸಾಕ್ಷ್ಯವಿಲ್ಲ. ಟ್ರೆಂಡಲ್ ಅವರ ಮನಸ್ಸಿನಲ್ಲಿದ್ದದ್ದು 1919ರಲ್ಲಿ ಕಥೆಯಾಗಿ, ಮರುವರ್ಷ ಮೂಕಿಚಿತ್ರವಾಗಿ ಬಂದ ಮುಖವಾಡದ ಜೋರೊ.

ನಿಜವಾದ ಟೆಕ್ಸಾಸ್ ರೇಂಜರ್‌ಗಳ ವಿಷಯ ಬೇರೆ. 1918ರ ಜನವರಿಯಲ್ಲಿ ಪೊರ್ವೆನಿರ್ ಎಂಬ ಗಡಿ ಹಳ್ಳಿಯಲ್ಲಿ ಮೆಕ್ಸಿಕನ್ ಮೂಲದ 15 ಗಂಡಸರನ್ನೂ ಹುಡುಗರನ್ನೂ ಗುಂಡಿಟ್ಟು ಕೊಂದ ಘಟನೆಯಲ್ಲಿ ರೇಂಜರ್‌ಗಳಿದ್ದರು. ರೇಡಿಯೊ ನಾಯಕ ಹುಟ್ಟುವುದಕ್ಕೆ ಬರೀ 15 ವರ್ಷ ಹಿಂದಿನ ಮಾತು. ಬೆಳ್ಳಿಯ ಗುಂಡಿನ ನಾಯಕನನ್ನು ಮೆಚ್ಚುವವರು ಇದನ್ನೂ ತಿಳಿದಿರಬೇಕು.

ಟಾಂಟೊ ಪಾತ್ರದ ಬಗ್ಗೆ ಆಕ್ಷೇಪವೇಕೆ?

ಅವನು ನಾಯಕನ ಜೀವ ಉಳಿಸಿದವನು, ಕಾಡು ಬಲ್ಲವನು, ಜಾಣ. ಹೀಗಿದ್ದೂ ಅವನಿಗೆ ಕೊಟ್ಟ ಮಾತು ಹರುಕುಮುರುಕು. ನಾಯಕನಿಗೆ ವ್ಯಾಕರಣಶುದ್ಧ ಭಾಷೆ, ಸಂಗಾತಿಗೆ ಕ್ರಿಯಾಪದವೇ ಸರಿಯಿಲ್ಲದ ಭಾಷೆ. ಊರಿನೊಳಗೆ ಹೋಗಿ ಸುದ್ದಿ ತರುವ ಅಪಾಯದ ಕೆಲಸ ಅವನದು, ಏಟು ತಿನ್ನುವವನೂ ಅವನೇ, ಹೆಸರು ಮಾತ್ರ ನಾಯಕನದು. ರೇಡಿಯೊದಲ್ಲಿ ಆ ಪಾತ್ರಕ್ಕೆ ದನಿ ಕೊಟ್ಟ ಜಾನ್ ಟಾಡ್ ಬಿಳಿಯರು. ನಾಯಕನನ್ನು ಟಾಂಟೊ ಕರೆಯುವ "ಕೀಮೊ ಸಾಬೆ" ಎಂಬ ಪ್ರಸಿದ್ಧ ಮಾತು ಕೂಡ ನಿರ್ದೇಶಕ ಜೇಮ್ಸ್ ಜ್ಯೂವೆಲ್ ಅವರ ಮಾವ ಮಿಶಿಗನ್‌ನಲ್ಲಿ ನಡೆಸುತ್ತಿದ್ದ ಹುಡುಗರ ಶಿಬಿರವೊಂದರ ಹೆಸರಿನಿಂದ ಬಂದದ್ದು.

1949ರಲ್ಲಿ ಟಿವಿ ಸರಣಿ ಶುರುವಾದಾಗ ಟಾಂಟೊ ಆದವರು ಜೇ ಸಿಲ್ವರ್‌ಹೀಲ್ಸ್, ಕೆನಡಾದ ಸಿಕ್ಸ್ ನೇಶನ್ಸ್ ಪ್ರದೇಶದ ಮೊಹಾಕ್ ಜನಾಂಗದವರು, ಲಕ್ರಾಸ್ ಎಂಬ ಚೆಂಡಾಟದಲ್ಲಿ ಹೆಸರು ಮಾಡಿದ್ದವರು. ಬರೆದುಕೊಟ್ಟ ಆ ಮಾತುಗಳ ನಡುವೆಯೂ ಅವರು ನಿಲುವಿನಲ್ಲಿ, ನೋಟದಲ್ಲಿ ತಂದ ಘನತೆಯನ್ನು ಇಂದು ನೋಡಿದರೂ ಮೆಚ್ಚಬೇಕು. 1960ರ ದಶಕದಲ್ಲಿ ಅವರು ಲಾಸ್ ಏಂಜಲೀಸ್‌ನಲ್ಲಿ ಮೂಲನಿವಾಸಿ ನಟರ ತರಬೇತಿಗೆ ಕಾರ್ಯಾಗಾರ ಕಟ್ಟಿದರು. ಟಾಂಟೊನಿಗೆ ಸಿಗದ ಮಾತು ಮುಂದಿನವರಿಗಾದರೂ ಸಿಗಲಿ ಎಂದು ದುಡಿದ ಆ ಕೆಲಸವೇ ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ನಾಯಕೋಚಿತವಾಗಿ ಕಾಣುತ್ತದೆ.

ನಟನೊಬ್ಬ ಮುಖವಾಡ ಹಾಕಬಾರದೆಂದು ನ್ಯಾಯಾಲಯ ಹೇಳಿತ್ತಂತೆ, ನಿಜವೇ?

ನಿಜ. ಟಿವಿಯ ಲೋನ್ ರೇಂಜರ್ ಕ್ಲೇಟನ್ ಮೂರ್ ಸರಣಿ ಮುಗಿದ ಮೇಲೂ ಅದೇ ವೇಷದಲ್ಲಿ ಸಭೆ ಸಮಾರಂಭಗಳಿಗೆ ಹೋಗುತ್ತಿದ್ದರು. ಹಕ್ಕುದಾರರು ಹೊಸ ನಟನನ್ನಿಟ್ಟು ಚಿತ್ರ ಮಾಡಲು ಹೊರಟಾಗ, 1979ರಲ್ಲಿ, ಅವರ ವಿರುದ್ಧ ಆದೇಶ ತಂದರು. ಮೂರ್ ಮುಖವಾಡ ತೆಗೆದು ದೊಡ್ಡ ಕಪ್ಪು ಕನ್ನಡಕ ಹಾಕಿಕೊಂಡು ಓಡಾಟ ಮುಂದುವರಿಸಿದರು. ಜನ ಅವರ ಕಡೆಗೇ ನಿಂತರು. 1981ರಲ್ಲಿ ಬಂದ ಚಿತ್ರ ಸೋತಿತು. ಕೆಲವು ವರ್ಷಗಳ ಬಳಿಕ ಮುಖವಾಡ ಅವರಿಗೆ ಮರಳಿ ಸಿಕ್ಕಿತು.

ಇಂಥ ನಂಟಿನಿಂದ ಶಾಸ್ತ್ರೀಯ ಸಂಗೀತ ಹಗುರಾಗುವುದಿಲ್ಲವೇ?

ಈ ದೂರು ಹಳೆಯದು. ವಿಲಿಯಂ ಟೆಲ್ ಓವರ್ಚರ್ ಕೇಳಿಯೂ ಲೋನ್ ರೇಂಜರ್ ನೆನಪಾಗದವನೇ ನಿಜವಾದ ಬುದ್ಧಿಜೀವಿ ಎಂಬ ಮಾತು ಅಮೆರಿಕದಲ್ಲಿ ಹಲವರ ಹೆಸರಿನಲ್ಲಿ ಓಡಾಡುತ್ತದೆ.

ನನಗೆ ಆ ದೂರು ಒಪ್ಪಿಗೆಯಿಲ್ಲ. ಬೆಳಗಿನ ಆಕಾಶವಾಣಿಯ ಸಂಕೇತ ಧ್ವನಿಯನ್ನು ನೆನಪಿಸಿಕೊಳ್ಳಿ. 1930ರ ದಶಕದಲ್ಲಿ ಯುರೋಪ್ ಬಿಟ್ಟು ಮುಂಬಯಿಗೆ ಬಂದ ವಾಲ್ಟರ್ ಕೌಫ್‌ಮನ್ ರಚಿಸಿದ್ದು, ಶಿವರಂಜಿನಿ ರಾಗದ ನೆರಳಿನದು. ಅದನ್ನು ಕೇಳಿದಾಗ ನಮ್ಮಲ್ಲಿ ಎಷ್ಟೋ ಜನರಿಗೆ ರಾಗಕ್ಕಿಂತ ಮೊದಲು ಅಡುಗೆಮನೆಯ ಸದ್ದು, ಶಾಲೆಗೆ ಹೊರಡುವ ಗಡಿಬಿಡಿ ನೆನಪಾಗುತ್ತದೆ. ಅದರಿಂದ ಶಿವರಂಜಿನಿಗೆ ಕುಂದಾಗಲಿಲ್ಲ; ಒಂದು ರಾಗದ ಛಾಯೆ ಕೋಟ್ಯಂತರ ಮನೆಗಳ ಒಳಗೆ ಬಂತು. ರೊಸ್ಸಿನಿಗೂ ಆದದ್ದು ಇದೇ. 'ವಿಲಿಯಂ ಟೆಲ್' ಪೂರ್ತಿ ಆಡಿದರೆ ಸುಮಾರು ನಾಲ್ಕು ಗಂಟೆಯ ಒಪೆರಾ, ಅರ್ನಾಲ್ಡ್ ಪಾತ್ರದ ಗಾಯಕನಿಗೆ ಕಂಠ ಹರಿಯುವಷ್ಟು ಎತ್ತರದ ಸ್ವರಗಳು. ಅದನ್ನು ರಂಗಕ್ಕೆ ತರುವ ಧೈರ್ಯ ಕೆಲವೇ ಮಂದಿರಗಳಿಗೆ. ರೇಡಿಯೊ ಇಲ್ಲದಿದ್ದರೂ ಓವರ್ಚರ್ ಸಂಗೀತ ಕಛೇರಿಗಳಲ್ಲಿ ಉಳಿಯುತ್ತಿತ್ತು, ನಿಜ. ಆದರೆ ಡೆಟ್ರಾಯಿಟ್‌ನ ಕಾರು ಕಾರ್ಖಾನೆಯ ಕೆಲಸಗಾರನ ಮಗಳು ಅದನ್ನು ಗುನುಗುತ್ತಿರಲಿಲ್ಲ.

ಹಾನಿ ಆಗುವುದು ಬೇರೆ ಕಡೆ: ಮೂರು ನಿಮಿಷವೇ ಪೂರ್ತಿ ಎಂದು ತಿಳಿದು ನಿಂತುಬಿಟ್ಟಾಗ. ಹಾಗೆಯೇ, ಒಂದು ಸಂಗೀತ ಯಾರ ಕೈಗೆ ಸಿಗುತ್ತದೆ ಎನ್ನುವುದೂ ಮುಖ್ಯ. ಲೋನ್ ರೇಂಜರ್ ಕಥೆಗಳಲ್ಲಿ ಸೇತುವೆಯಾಗಿದ್ದ ಅದೇ 'ಲೆ ಪ್ರೆಲ್ಯೂಡ್ಸ್'ನ ಕಹಳೆಯನ್ನು ನಾಜಿ ಜರ್ಮನಿ ರಷ್ಯಾ ಮೇಲಿನ ಯುದ್ಧದ ಸುದ್ದಿಗಳಿಗೆ ಮೊದಲು ಬಾರಿಸಿತು. ಆ ಪೀಳಿಗೆಯ ಜರ್ಮನರು ಲಿಸ್ಟ್ ಅವರನ್ನು ಹಗುರವಾದ ಮನಸ್ಸಿನಿಂದ ಕೇಳುವುದು ಹೇಗೆ ಸಾಧ್ಯ?

ಲೋನ್ ರೇಂಜರ್ ಬಿಟ್ಟು ಈ ಓವರ್ಚರ್ ಇನ್ನೆಲ್ಲಿ ಬಂದಿದೆ?

1935ರಲ್ಲಿ ಡಿಸ್ನಿಯ 'ಬ್ಯಾಂಡ್ ಕನ್ಸರ್ಟ್' ಕಾರ್ಟೂನಿನಲ್ಲಿ ಮಿಕ್ಕಿ ಮೌಸ್ ತನ್ನ ಮೇಳದಿಂದ ಇದನ್ನೇ ನುಡಿಸುತ್ತಾನೆ. ಬಿರುಗಾಳಿಯ ಭಾಗ ಬಂದಾಗ ನಿಜವಾದ ಸುಂಟರಗಾಳಿ ಎದ್ದು ಇಡೀ ಮೇಳವನ್ನು ಆಕಾಶಕ್ಕೆ ಎತ್ತುತ್ತದೆ, ಆದರೂ ನುಡಿಸುವುದು ನಿಲ್ಲುವುದಿಲ್ಲ. 1948ರಲ್ಲಿ ಹಾಸ್ಯ ಸಂಗೀತಗಾರ ಸ್ಪೈಕ್ ಜೋನ್ಸ್ ಇದನ್ನು ಕುದುರೆ ಜೂಜಿನ ವೀಕ್ಷಕ ವಿವರಣೆಯಾಗಿ ಮಾಡಿ ಜನರನ್ನು ನಗಿಸಿದರು. 1971ರ 'ಎ ಕ್ಲಾಕ್‌ವರ್ಕ್ ಆರೆಂಜ್' ಚಿತ್ರದಲ್ಲಿ ವೆಂಡಿ ಕಾರ್ಲೋಸ್ ಅವರ ಸಿಂಥಸೈಜರ್ ಅದನ್ನು ಹುಚ್ಚು ವೇಗದಲ್ಲಿ ಓಡಿಸುತ್ತದೆ.

ಎಲ್ಲಕ್ಕಿಂತ ಆಳವಾದ ಬಳಕೆ ರಷ್ಯಾದ ಸಂಗೀತ ರಚನಕಾರ ಶೊಸ್ತಕೊವಿಚ್ ಅವರದು. 1971ರಲ್ಲಿ ಬರೆದ ತಮ್ಮ ಕೊನೆಯ, ಹದಿನೈದನೆಯ ಸಿಂಫನಿಯ ಮೊದಲ ಭಾಗದಲ್ಲಿ ಅವರು ಇದ್ದಕ್ಕಿದ್ದಂತೆ ಈ ಓಟದ ತುಣುಕನ್ನು ತರುತ್ತಾರೆ. ಆಟಿಕೆ ಅಂಗಡಿಯಂತೆ ಕೇಳುವ ಸಂಗೀತದ ನಡುವೆ ಹಿತ್ತಾಳೆ ವಾದ್ಯಗಳು ರೊಸ್ಸಿನಿಯನ್ನು ಊದಿದಾಗ ನಗು ಬರುತ್ತದೆ, ಎರಡನೆಯ ಸಲ ಬಂದಾಗ ಮೈ ತಣ್ಣಗಾಗುತ್ತದೆ.

2013ರ 'ದ ಲೋನ್ ರೇಂಜರ್' ಚಿತ್ರ ನೋಡಬಹುದೇ?

ಜಾನಿ ಡೆಪ್ ಟಾಂಟೊ ಪಾತ್ರ ಮಾಡಿದ್ದಕ್ಕೆ ಎದ್ದ ಆಕ್ಷೇಪ ನ್ಯಾಯವಾದದ್ದು. ಸಿಲ್ವರ್‌ಹೀಲ್ಸ್ ನಟಿಸಿ ಅರ್ಧ ಶತಮಾನ ಕಳೆದ ಮೇಲೆ ಹೀಗಾಗಬಾರದಿತ್ತು. ಚಿತ್ರ ಗಲ್ಲಾಪೆಟ್ಟಿಗೆಯಲ್ಲೂ ಸೋತಿತು. ಆದರೆ ಕೊನೆಯ ರೈಲು ಕಾಳಗದ ಉದ್ದಕ್ಕೂ ಸಂಗೀತ ರಚನಕಾರ ಹ್ಯಾನ್ಸ್ ಜಿಮ್ಮರ್ ತಂಡ ಓವರ್ಚರನ್ನು ಹಿಗ್ಗಿಸಿ, ತಿರುಚಿ, ಮತ್ತೆ ಮೂಲಕ್ಕೆ ತಂದು ನಿಲ್ಲಿಸುವ ರೀತಿ ಅಪ್ಪಟ ಆನಂದ. ಆ ದೃಶ್ಯವನ್ನಷ್ಟೇ ನೋಡಿದರೂ ಸಾಕು.

ಮನೆಯ ಮಕ್ಕಳಿಗೆ ಇದನ್ನು ಪರಿಚಯಿಸುವುದು ಹೇಗೆ?

ಕೊನೆಯಿಂದಲೇ ಶುರುಮಾಡಿ, ಅದರಲ್ಲಿ ತಪ್ಪಿಲ್ಲ. ಕುದುರೆ, ಮುಖವಾಡ, ಬಿಳಿ ಟೋಪಿ ಎಲ್ಲವನ್ನೂ ಹೇಳಿ ಟ್ರಂಪೆಟ್ ಕೇಳಿಸಿ. ಇನ್ನೊಂದು ದಿನ ಟೆಲ್ ಮತ್ತು ಸೇಬಿನ ಕಥೆ ಹೇಳಿ ಬಿರುಗಾಳಿಯಿಂದ ಕೇಳಿಸಿ. ಮಳೆಯ ಮೊದಲ ಹನಿ ಎಲ್ಲಿ ಬಿತ್ತು ಎಂದು ಅವರೇ ಬೆರಳು ತೋರಿಸಲಿ. ಐದು ಚೆಲ್ಲೊಗಳನ್ನು ಕೊನೆಗೆ ಇಟ್ಟುಕೊಳ್ಳಿ, ಅದಕ್ಕೆ ಸ್ವಲ್ಪ ತಾಳ್ಮೆ ಬೇಕು. ಸಾಧ್ಯವಾದರೆ ವಾದ್ಯಮೇಳ ನುಡಿಸುವುದನ್ನು ಕಣ್ಣಿಂದ ನೋಡುವ ದೃಶ್ಯಮುದ್ರಿಕೆಯನ್ನೇ ಹಾಕಿ. ದನಗಾಹಿಗಳ ಹಾಡಿನುದ್ದಕ್ಕೂ ವಾದ್ಯವನ್ನು ತೊಡೆಯ ಮೇಲಿಟ್ಟು ಕಾದು ಕುಳಿತ ಟ್ರಂಪೆಟ್‌ಗಾರ ಅದನ್ನು ತುಟಿಗೆ ಎತ್ತುವ ಹೊತ್ತಿಗೆ, ಮುಂದೆ ಬರುವುದೇನೆಂದು ಮಕ್ಕಳಿಗೆ ಗೊತ್ತಾಗಿರುತ್ತದೆ.